ಮುನ್ನೂರ ಹನ್ನೆರಡರಲ್ಲಿ ಒಂಬತ್ತು

ನರ್ಮದಾ ಟೀಚರ್ ಹೊಗಳಿಕೆಗೆ ಹಸಿದ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಆದರೆ ನಾಲ್ಕು ಜನ ತಲೆದೂಗುತ್ತಾರೆಂದರೆ ಸತ್ಯವನ್ನು ಅರ್ಧಕ್ಕೆ ನಿಲ್ಲಿಸಬಲ್ಲವರು. ಹಾಗೆ ಅರ್ಧಕ್ಕೆ ನಿಲ್ಲಿಸಿದ ಒಂದು ಮಾತಿನಿಂದ ಕಾಪುವಿನ ಹದಿನಾಲ್ಕರ ಹುಡುಗಿಯೊಬ್ಬಳಿಗೆ, ಅವಳ ತಾಯಿಯನ್ನು ಕೊಂದ ರೋಗದ ಲಸಿಕೆಯೇ ತಪ್ಪಿಹೋಗುವುದರಲ್ಲಿತ್ತು.

ಮೂವತ್ತಮೂರು ವರ್ಷ ಅವರು ಹಿರಿಯಡ್ಕದ ಮನೆಯಿಂದ ಎರಡು ಬಸ್ಸು ಬದಲಿಸಿ ಕಾಪುವಿನ ಪ್ರೌಢಶಾಲೆಯೊಂದಕ್ಕೆ ಹೋಗಿ ವಿಜ್ಞಾನ ಕಲಿಸಿದರು. ಪಾಠ ಚೆನ್ನಾಗಿಯೇ ಇರುತ್ತಿತ್ತು. ಮುಗಿದ ಮೇಲೆ ಮಾತ್ರ ಸೀಮೆಸುಣ್ಣ ಕೆಳಗಿಡದೆ ಒಂದು ಗಳಿಗೆ ಮಕ್ಕಳ ಮುಖ ನೋಡುತ್ತ ನಿಲ್ಲುತ್ತಿದ್ದರು. ಯಾರಾದರೂ 'ಟೀಚರ್, ಈಗ ಅರ್ಥ ಆಯ್ತು' ಎಂದರೆ ಅಂದಿನ ಬಸ್ಸಿನ ನೂಕುನುಗ್ಗಲು ಅವರಿಗೆ ತಾಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ತೆಗೆಸುವ ಗ್ರೂಪ್ ಫೋಟೋದಲ್ಲಿ ಹೆಡ್‌ಮಾಸ್ಟರರ ಬಲಗಡೆಯ ಕುರ್ಚಿ ಅವರದು. ಹೊಸದಾಗಿ ಬಂದ ಹಿಂದಿ ಟೀಚರ್ ಪ್ಯಾಟ್ರಿಶಿಯಾ ಒಂದು ವರ್ಷ ತಿಳಿಯದೆ ಆ ಕುರ್ಚಿಯಲ್ಲಿ ಕೂತುಬಿಟ್ಟರು. ಆ ವರ್ಷದ ಫೋಟೋದಲ್ಲಿ ನರ್ಮದಾ ಟೀಚರ್ ಇಲ್ಲ. ತಲೆನೋವೆಂದು ಪ್ರಯೋಗಶಾಲೆಯಲ್ಲಿ ಕೂತಿದ್ದರು.

ಅಂಥವರು ನಿವೃತ್ತರಾದದ್ದು ಕೊರೊನಾದ ಎರಡನೇ ಅಲೆಯಲ್ಲಿ. ನಮ್ಮ ಕಡೆ ಶಿಕ್ಷಕರು ನಿವೃತ್ತರಾಗುವುದೆಂದರೆ ಸುಮ್ಮನೆ ಮನೆಗೆ ಹೋಗುವುದಲ್ಲ. ಶಾಮಿಯಾನ ಬೇಕು, ವೇದಿಕೆ ಬೇಕು, ಶಾಲು, ಹಾರ, ಹಣ್ಣಿನ ಬುಟ್ಟಿ ಬೇಕು. ಚೌಕಟ್ಟು ಹಾಕಿದ ಸನ್ಮಾನಪತ್ರವನ್ನು ಒಬ್ಬರು ಏರಿದ ದನಿಯಲ್ಲಿ ಓದಬೇಕು. ಅದಕ್ಕೆ ಉತ್ತರವಾಗಿ ನರ್ಮದಾ ಟೀಚರ್ ನಾಲ್ಕು ಪುಟದ ಭಾಷಣ ಬರೆದಿಟ್ಟುಕೊಂಡಿದ್ದರು. ಮೇ ಮೂವತ್ತೊಂದರಂದು ಶಾಲೆಯ ಗುಮಾಸ್ತ ಮಾಸ್ಕು ಹಾಕಿಕೊಂಡು ಗೇಟಿನ ಹತ್ತಿರ ನಿಂತು ಬಿಡುಗಡೆ ಪತ್ರವನ್ನು ಕೈಚಾಚಿ ಕೊಟ್ಟ. 'ಹುಷಾರು ಟೀಚರ್' ಎಂದ. ಅಷ್ಟೇ. ನಾಲ್ಕು ಪುಟ ಕಪಾಟಿನಲ್ಲಿ ಧಾರೆ ಸೀರೆಯ ಅಡಿಗೆ ಹೋಯಿತು.

ಐದು ವರ್ಷ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬಾರದಂತೆ ಹುಡುಗಿಯರಿಗೆ ಲಸಿಕೆ ಹಾಕಲು ಶುರುವಾದಾಗ ಮಣಿಪಾಲದ ಒಂದು ಸಂಶೋಧನಾ ಸಂಸ್ಥೆ ಲಸಿಕೆಯ ಸುರಕ್ಷತೆಯ ಅಧ್ಯಯನ ಕೈಗೊಂಡಿತು. ಲಸಿಕೆ ಪಡೆದ ಹುಡುಗಿಯರ ಮನೆಗಳಿಗೆ ಇಪ್ಪತ್ತೆಂಟು ದಿನಗಳಲ್ಲಿ ನಾಲ್ಕು ಸಲ ಹೋಗಿ ವಿಚಾರಿಸಿ ಬರೆದುಕೊಳ್ಳಬೇಕು. ತಾಯಂದಿರು ಬಾಗಿಲು ತೆರೆಯುವಂಥ ಹೆಂಗಸರು ಬೇಕಿತ್ತು. ಕಾಪುವಿನಲ್ಲಿ, ಕಾರ್ಕಳದ ಆಚೀಚೆ, ಹಿರಿಯಡ್ಕದ ಒಳದಾರಿಗಳಲ್ಲಿ ಅರ್ಧಕ್ಕರ್ಧ ತಾಯಂದಿರು ನರ್ಮದಾ ಟೀಚರರ ಹಳೆಯ ವಿದ್ಯಾರ್ಥಿನಿಯರು ಅಥವಾ ಅವರ ನಾದಿನಿಯರು. ಟೀಚರ್ ಕೊಡೆ ಹಿಡಿದು ಅಂಗಳಕ್ಕೆ ಬಂದರೆ ಚಾಪೆ ಹಾಸುತ್ತಿದ್ದರು. ಸಂಸ್ಥೆ ಅವರನ್ನೂ ಕಾರ್ಯಕರ್ತೆಯಾಗಿ ಸೇರಿಸಿಕೊಂಡಿತು.

ಅಧ್ಯಯನಕ್ಕೆ ಒಂದು ನಿಯಮವಿತ್ತು. ಮುಖ್ಯಸ್ಥೆ ಡಾಕ್ಟರ್ ಶ್ರೀವಾಣಿ ತರಬೇತಿಯ ಎರಡು ದಿನವೂ ಅದನ್ನೇ ಹೇಳಿದರು. "ಇಪ್ಪತ್ತೆಂಟು ದಿನದೊಳಗೆ ಹುಡುಗಿಗೆ ಏನೇ ಆಗಲಿ, ಬರೆಯಿರಿ. ಜ್ವರ ಬಂತು, ಬರೆಯಿರಿ. ನಾಯಿ ಕಚ್ಚಿತು, ಅದನ್ನೂ ಬರೆಯಿರಿ. ಇದು ಲಸಿಕೆಯಿಂದ ಬಂದದ್ದೋ ಅಲ್ಲವೋ ಎಂದು ನೀವು ತೀರ್ಮಾನಿಸಬೇಡಿ. ನೀವು ಜರಡಿ ಹಿಡಿದರೆ ನಿಜವಾದದ್ದೇ ಜಾರಿಹೋಗಬಹುದು." ಉಳಿದ ಕಾರ್ಯಕರ್ತೆಯರಿಗೆ ಇದು ವಿಚಿತ್ರವೆನಿಸಿತು. ನರ್ಮದಾ ಟೀಚರಿಗೆ ಕೂಡಲೇ ಅರ್ಥವಾಯಿತು, ಊಟದ ಹೊತ್ತಿಗೆ ಅವರೇ ಉಳಿದವರಿಗೆ ವಿವರಿಸಿದರು. ಇದನ್ನು ನೆನಪಿಟ್ಟುಕೊಳ್ಳಬೇಕು. ಅವರು ತಿಳಿಯದೆ ತಪ್ಪು ಮಾಡಿದವರಲ್ಲ.

ಅವರ ಪಾಲಿಗೆ ಬಂದದ್ದು ಮುನ್ನೂರ ಹನ್ನೆರಡು ಹುಡುಗಿಯರು. ಅವರಲ್ಲಿ ಒಂಬತ್ತು ಮಂದಿ ಆ ದಿನಗಳಲ್ಲಿ ಆಸ್ಪತ್ರೆ ಸೇರಿದ್ದರು. ಒಬ್ಬಳು ಕಾರ್ಕಳದ ಹತ್ತಿರ ಗೇರುಮರದಿಂದ ಬಿದ್ದು ಕೈ ಮುರಿದುಕೊಂಡವಳು. ಒಬ್ಬಳಿಗೆ ಕಾಮಾಲೆ, ಒಬ್ಬಳಿಗೆ ಡೆಂಗ್ಯೂ, ಒಬ್ಬಳಿಗೆ ಅಪೆಂಡಿಕ್ಸ್. ಒಬ್ಬಳನ್ನು ನಾಯಿ ಕಚ್ಚಿತ್ತು. ಇನ್ನೊಬ್ಬಳು ಅಕ್ಕನ ಮೆಹಂದಿ ಊಟ ತಿಂದು ಹೊಟ್ಟೆ ಕೆಟ್ಟು ಡ್ರಿಪ್ ಹಾಕಿಸಿಕೊಂಡವಳು. ಮತ್ತೊಬ್ಬಳಿಗೆ ಏಳನೇ ವಯಸ್ಸಿನಿಂದ ಅಪಸ್ಮಾರ, ಮಾತ್ರೆ ಬಿಟ್ಟಿದ್ದಳು. ಉಳಿದಿಬ್ಬರಿಗೆ ಒಂದು ರಾತ್ರಿಯ ಜ್ವರ, ತಂದೆ ತಾಯಿ ಹೆದರಿ ಸೇರಿಸಿದ್ದು. ಒಂಬತ್ತು ಫಾರಂಗಳನ್ನೂ ನರ್ಮದಾ ಟೀಚರ್ ತಮ್ಮ ದುಂಡು ಅಕ್ಷರದಲ್ಲಿ ಬರೆದು ಸಹಿ ಹಾಕಿ ಕೊಟ್ಟರು.

ಆ ಹೊತ್ತಿಗೆ ಕಾಪುವಿನಲ್ಲಿ ಲಸಿಕೆ ಔಷಧಿಯಾಗಿ ಉಳಿದಿರಲಿಲ್ಲ, ಪಕ್ಷವಾಗಿತ್ತು. ಪುರಸಭೆಯ ಚುನಾವಣೆ ಹತ್ತಿರವಿತ್ತು. ಒಂದು ಕಡೆಯವರು ಲಸಿಕೆ ನಮ್ಮ ಸಾಧನೆ ಎಂದು ಫ್ಲೆಕ್ಸ್ ಕಟ್ಟಿದ್ದರಿಂದ ಇನ್ನೊಂದು ಕಡೆಯವರಿಗೆ ಅದು ವಿಷವಾಗಲೇಬೇಕಾಯಿತು. ವಿನೀತ್ ಎಂಬವನು 'ಕರಾವಳಿ ಮಾತೃರಕ್ಷಾ ವೇದಿಕೆ' ಎಂದು ಒಂದು ಸಂಘ ಕಟ್ಟಿದ. ಶಾಮಿಯಾನ, ಕುರ್ಚಿ, ಮೈಕು ಬಾಡಿಗೆಗೆ ಕೊಡುವ ವ್ಯವಹಾರ ಅವನದು. ಸಭೆ ನಡೆಸಲು ಬೇಕಾದದ್ದೆಲ್ಲ ಮನೆಯಲ್ಲೇ ಇದ್ದುದರಿಂದ ಒಂದು ಸಿದ್ಧಾಂತ ಮಾತ್ರ ಬೇಕಿತ್ತು. ಅವನೂ ನರ್ಮದಾ ಟೀಚರರ ವಿದ್ಯಾರ್ಥಿ.

ಹಿರಿಯಡ್ಕದ ಮನೆಗೆ ಬಂದು ಕಾಲಿಗೆ ಬಿದ್ದ.

"ಟೀಚರ್, ನಿಮಗೆ ಬೀಳ್ಕೊಡುಗೆಯೇ ಆಗಲಿಲ್ಲ ಅಲ್ವಾ. ನಮಗೆಲ್ಲ ಅದೊಂದು ಬೇಸರ ಉಂಟು. ಈ ಭಾನುವಾರ ನಮ್ಮ ವೇದಿಕೆಯಿಂದ ಸಣ್ಣ ಒಂದು ಸನ್ಮಾನ. ನೀವು ಬೇಡ ಅನ್ಬಾರ್ದು."

"ನಿಮ್ಮ ವೇದಿಕೆ ಲಸಿಕೆಗೆ ವಿರೋಧ ಅಲ್ವಾ ಮಾರಾಯ. ನಾನು ಅದೇ ಅಧ್ಯಯನದಲ್ಲಿರುವವಳು."

"ಲಸಿಕೆಯ ಬಗ್ಗೆ ನೀವು ಎಂತದ್ದೂ ಹೇಳುವುದು ಬೇಡ ಟೀಚರ್. ನಿಮ್ಮ ಅನುಭವ ಎರಡು ಮಾತು. ಅಷ್ಟೇ."

ಅವನು ಹೋದ ಮೇಲೆ ನರ್ಮದಾ ಟೀಚರ್ ಕಪಾಟು ತೆರೆದು ನಾಲ್ಕು ಪುಟ ಹೊರತೆಗೆದರು.

ಸಭಾಭವನದಲ್ಲಿ ಮುನ್ನೂರು ಜನ. ಸನ್ಮಾನಪತ್ರವನ್ನು ಯಕ್ಷಗಾನದ ಭಾಗವತರೊಬ್ಬರಿಂದ ಓದಿಸಿದರು. 'ಜ್ಞಾನದೀವಿಗೆ', 'ಸಾವಿರ ಮನೆಗಳ ಮಾತೆ' ಎಂದೆಲ್ಲ ಇತ್ತು. ಶಾಲು ಹೆಗಲ ಮೇಲೆ ಬಿದ್ದಾಗ ನರ್ಮದಾ ಟೀಚರರ ಕಣ್ಣು ತುಂಬಿತು. ನಾಲ್ಕು ಪುಟ ಓದಿದರು. ಜನ ಆಕಳಿಸತೊಡಗಿದರು. ಐದು ವರ್ಷ ಕಾದ ಭಾಷಣ ಕಣ್ಣೆದುರಿಗೇ ಸಪ್ಪಗಾಗುತ್ತಿತ್ತು. ಆಗ ಅವರು ಕಾಗದ ಮಡಿಸಿ, ಕನ್ನಡಕ ತೆಗೆದು, ಬರೆದಿರದ ಒಂದು ಮಾತು ಹೇಳಿದರು.

"ಈಗ ನಾನು ಮಾಡುತ್ತಿರುವ ಕೆಲಸದ ಬಗ್ಗೆಯೂ ನಿಮಗೆ ಕುತೂಹಲ ಇರಬಹುದು. ಮುನ್ನೂರ ಹನ್ನೆರಡು ಹುಡುಗಿಯರ ಮನೆಗೆ ಹೋಗಿದ್ದೇನೆ. ಲಸಿಕೆಯ ನಂತರ ಒಂಬತ್ತು ಮಂದಿ ಆಸ್ಪತ್ರೆ ಸೇರಿದ್ದಾರೆ. ನಾನು ಹೆಚ್ಚಿಗೆ ಏನೂ ಹೇಳುವುದಿಲ್ಲ. ಯೋಚನೆ ಮಾಡುವ ಶಕ್ತಿ ನಿಮಗೆ ಉಂಟು."

ಸಭೆ ನೆಟ್ಟಗೆ ಕೂತಿತು. ಆಮೇಲೆ ಬಿದ್ದ ಚಪ್ಪಾಳೆ ಅವರ ಜೀವಮಾನದಲ್ಲಿ ಕೇಳದಂಥದ್ದು. ಗೇರುಮರದ ಮಾತು, ನಾಯಿಯ ಮಾತು, ಮೆಹಂದಿ ಊಟದ ಮಾತು ಎಲ್ಲವೂ ನಾಲಿಗೆಯ ತುದಿಯಲ್ಲೇ ಇದ್ದವು. ಹೇಳಿದ್ದರೆ ಜನ ನಗುತ್ತಿದ್ದರು, ಚಪ್ಪಾಳೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಮೈಕು ಕೆಳಗಿಟ್ಟು ಕೈ ಮುಗಿದರು.

ಸಂಜೆಯೊಳಗೆ ಆ ಒಂದು ನಿಮಿಷದ ವಿಡಿಯೋ 'ಲಸಿಕೆ ಸಂಶೋಧಕಿಯ ಸ್ಫೋಟಕ ಸತ್ಯ' ಎಂಬ ತಲೆಬರಹ ಹೊತ್ತು ಫೋನಿನಿಂದ ಫೋನಿಗೆ ಹಾರಿತು. ಗಂಡ ಯಜ್ಞನಾರಾಯಣರು ಅದನ್ನು ಎರಡು ಸಲ ನೋಡಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮಿತಭಾಷಿ.

"ಸೀರೆ ಚೆನ್ನಾಗಿತ್ತು" ಎಂದರು.

ಮೂರನೇ ದಿನ ಡಾಕ್ಟರ್ ಶ್ರೀವಾಣಿ ಮಣಿಪಾಲಕ್ಕೆ ಕರೆಸಿದರು. ನಲವತ್ತರ ಹೆಂಗಸು, ಕಣ್ಣ ಕೆಳಗೆ ಕಪ್ಪು. ಮೇಜಿನ ಮೇಲೆ ಒಂಬತ್ತು ಫಾರಂ ಸಾಲಾಗಿ ಇಟ್ಟಿದ್ದರು.

"ಒಂದರಲ್ಲೂ ತಪ್ಪಿಲ್ಲ ಮೇಡಂ. ಇಷ್ಟು ಚೆನ್ನಾಗಿ ಬರೆದವರು ಬೇರೆ ಇಲ್ಲ. ನೀವು ಸಭೆಯಲ್ಲಿ ಹೇಳಿದ ಸಂಖ್ಯೆಯೂ ಸರಿ. ನಿಮ್ಮ ಮಾತು ಸುಳ್ಳು ಎಂದು ನಾನು ಹೇಳಲಿಕ್ಕೆ ಆಗುವುದಿಲ್ಲ, ನೋಡಿ."

"ಲಸಿಕೆಯಿಂದಲೇ ಆಯಿತು ಎಂದು ನಾನು ಹೇಳಲಿಲ್ಲ."

"ಹೇಳಲಿಲ್ಲ. ಅವರೇ ಹೇಳಿಕೊಳ್ಳಲು ಬೇಕಾದಷ್ಟು ಜಾಗ ಬಿಟ್ಟಿರಿ."

ಶ್ರೀವಾಣಿ ಫಾರಂಗಳನ್ನು ಒಂದರ ಮೇಲೊಂದು ಇಟ್ಟರು. "ಈ ವಾರ ಎಪ್ಪತ್ತು ಮನೆಯವರು ಬಾಗಿಲು ತೆರೆದಿಲ್ಲ. ಲಸಿಕೆ ಹಾಕಿಸಿಕೊಂಡವರೂ ಈಗ ನಮ್ಮ ಹತ್ತಿರ ಮಾತಾಡುವುದಿಲ್ಲ. ನಾಳೆ ನಿಜವಾಗಿ ಯಾವುದಾದರೂ ಮಗುವಿಗೆ ಇದರಿಂದಲೇ ತೊಂದರೆ ಆದರೆ ಅದು ನಮಗೆ ತಿಳಿಯುವುದೇ ಇಲ್ಲ. ಸುರಕ್ಷತೆಯನ್ನು ನೋಡಲಿಕ್ಕೆ ಅಂತಲೇ ಇದ್ದ ಕಣ್ಣು ಹೋಯಿತು." ಗುರುತಿನ ಚೀಟಿಗೆ ಕೈ ಚಾಚಿದರು. ನರ್ಮದಾ ಟೀಚರ್ ಕೊರಳಿನಿಂದ ತೆಗೆದು ಕೊಟ್ಟರು.

ಸಂಸ್ಥೆ ಪತ್ರಿಕೆಗಳಿಗೆ ಒಂದು ಸ್ಪಷ್ಟೀಕರಣ ಕೊಟ್ಟಿತು. ಅದು ಯಾವ ಮೀನುಗಾರ್ತಿಗೂ ಅರ್ಥವಾಗದ ಭಾಷೆಯಲ್ಲಿತ್ತು. ವಿಜ್ಞಾನಿಗಳಿಗೂ ತಮ್ಮದೇ ಬಗೆಯ ಅಹಂಕಾರವಿರುತ್ತದೆ. ವಿನೀತನ ಕಡೆಯವರು 'ಕಂಪೆನಿಯ ದುಡ್ಡು ಮಾತಾಡುತ್ತಿದೆ' ಎಂದರು. ಎದುರು ಕಡೆಯವರು ಟೀಚರರ ಫೋಟೋಕ್ಕೆ ಗೀಟು ಎಳೆದು 'ವಿಜ್ಞಾನ ದ್ರೋಹಿ' ಎಂದು ಬರೆದು ಹಂಚಿದರು. ಚಾವಡಿಯಲ್ಲಿ ತೂಗುಹಾಕಿದ್ದ ಆ ಸನ್ಮಾನಪತ್ರವನ್ನು ನರ್ಮದಾ ಟೀಚರ್ ಗೋಡೆಗೆ ಮುಖ ಮಾಡಿ ತಿರುಗಿಸಿದರು. ಇಳಿಸಲಿಲ್ಲ.

ಮೂರು ವಾರದ ನಂತರ ಕಾಪುವಿನ ಆಶಾ ಕಾರ್ಯಕರ್ತೆ ಸರಸ ಹಿರಿಯಡ್ಕಕ್ಕೆ ಬಂದಳು. ಬಿಸಿಲಿನಲ್ಲಿ ನಡೆದು ನಡೆದು ಚಪ್ಪಲಿ ಒಂದು ಕಡೆಗೆ ಸವೆದ, ನಲವತ್ತೈದರ ಹೆಂಗಸು. ನೀರು ಕುಡಿದಳು, ಕೂರಲಿಲ್ಲ.

"ಅಮ್ಮಣ್ಣಿಯಕ್ಕನ ಮೊಮ್ಮಗಳು ಧೃತಿ ಗೊತ್ತುಂಟಲ್ಲ ಟೀಚರ್? ಆ ಹುಡುಗಿಗೆ ಬರುವ ಭಾನುವಾರ ಹದಿನೈದು ತುಂಬುತ್ತದೆ. ತುಂಬಿದ ಮೇಲೆ ನಮ್ಮ ಕೇಂದ್ರದಲ್ಲಿ ಕೊಡುವ ಹಾಗಿಲ್ಲ. ಶನಿವಾರ ಕಡೆ ದಿನ. ನಾನು ಆರು ಸಲ ಹೋದೆ. ಅಮ್ಮಣ್ಣಿಯಕ್ಕ ಒಂದೇ ಮಾತು, ನರ್ಮದಾ ಟೀಚರ್ ಸುಳ್ಳು ಹೇಳುವವರಲ್ಲ ಅಂತ."

ನರ್ಮದಾ ಟೀಚರ್ ಖಾಲಿ ಲೋಟ ಎತ್ತಿಕೊಂಡರು.

"ಅದರ ತಾಯಿ ಹೇಗೆ ಹೋದದ್ದು ಅಂತ ನಿಮಗೆ ಗೊತ್ತುಂಟು. ನೀವು ಒಂದು ಸಲ ಬಂದು ಹೇಳಬೇಕು."

"ನೋಡುವ" ಎಂದರು ಟೀಚರ್.

"ನೋಡಲಿಕ್ಕೆ ಐದು ದಿನ ಉಂಟು" ಎಂದು ಸರಸ ಕೊಡೆ ಬಿಚ್ಚಿದಳು.

ಧೃತಿಯ ತಾಯಿ ಎರಡು ವರ್ಷದ ಹಿಂದೆ ಅದೇ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು, ಮೂವತ್ತೆಂಟಕ್ಕೆ. ಒಂದು ವರ್ಷ ರಕ್ತಸ್ರಾವವಾಗುತ್ತಿದ್ದರೂ ತನ್ನ ತಾಯಿಗೂ ಹೇಳಿರಲಿಲ್ಲ. ಹೇಳಲು ಅವಳ ಬಳಿ ಮಾತಿರಲಿಲ್ಲ. ಅವಳೂ ನರ್ಮದಾ ಟೀಚರರ ವಿದ್ಯಾರ್ಥಿನಿ, ಎರಡನೇ ಬೆಂಚು. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಟೀಚರ್ ಮೂವತ್ತಮೂರು ವರ್ಷವೂ ಒಂದೇ ಮಾತು ಹೇಳಿದ್ದರು: 'ಇದನ್ನು ಮನೆಯಲ್ಲಿ ಓದಿಕೊಳ್ಳಿ.' ಹುಡುಗರು ನಗುತ್ತಾರೆ, ತರಗತಿಯ ಗಾಂಭೀರ್ಯ ಕೆಡುತ್ತದೆ ಎಂದು. ಆ ಪುಟಗಳನ್ನು ಯಾರ ಮನೆಯಲ್ಲಿ ಯಾರು ಓದಿಸಬೇಕಿತ್ತು ಎಂದು ಅವರು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡರು. ಕೇಳಿಕೊಂಡೂ ಮಂಗಳವಾರ ಹೋಗಲಿಲ್ಲ, ಬುಧವಾರ ಹೋಗಲಿಲ್ಲ. ಬುಧವಾರ ಉಡುಪಿಯವರೆಗೆ ಹೋಗಿ, ಕಾಪುವಿನ ಬಸ್ಸು ಬಂದಾಗ ಹತ್ತದೆ, ಅರ್ಧ ಕಿಲೋ ದ್ರಾಕ್ಷಿ ಕೊಂಡು ವಾಪಸು ಬಂದರು.

"ದ್ರಾಕ್ಷಿಗೆ ಉಡುಪಿಗೆ ಹೋದದ್ದಾ?" ಎಂದರು ಯಜ್ಞನಾರಾಯಣರು.

ಗುರುವಾರ ಹೋದರು.

ಕಡಲ ಬದಿಯ ಹಂಚಿನ ಮನೆ. ಆ ಮನೆಯಲ್ಲಿ ಹೆಣ್ಣಿನ ಮನೆತನವೇ ಮನೆತನ, ಮಗಳ ಮಗಳು ಅಜ್ಜಿಯ ಮಡಿಲಿನವಳು. ಅಮ್ಮಣ್ಣಿ ಅರವತ್ತು ದಾಟಿದರೂ ಮೀನಿನ ಬುಟ್ಟಿ ಬಿಡದವಳು. ಅಂಗಳದಲ್ಲಿ ಬುಟ್ಟಿ ತೊಳೆದು ಕವುಚಿ ಇಡುತ್ತಿದ್ದಳು. ಟೀಚರನ್ನು ಕಂಡು ಕೈ ಒರೆಸಿಕೊಂಡು ಕುರ್ಚಿ ತಂದಳು. ಧೃತಿ ಬಾಗಿಲಿಗೆ ಒರಗಿ ನಿಂತಳು. ಎರಡನೇ ಬೆಂಚಿನ ಅದೇ ಹಣೆ.

"ಅಮ್ಮಣ್ಣಿಯವರೇ, ಮಗುವಿಗೆ ಲಸಿಕೆ ಹಾಕಿಸಿ. ಹೆದರುವಂಥದ್ದು ಎಂತದ್ದೂ ಇಲ್ಲ."

ಅಮ್ಮಣ್ಣಿ ಸೊಂಟಕ್ಕೆ ಕೈ ಇಟ್ಟಳು.

"ಅವತ್ತು ಮೈಕಿನಲ್ಲಿ ಹೇಳಿದ್ದು ಸುಳ್ಳಾ ಟೀಚರ್, ಇವತ್ತು ಹೇಳುವುದು ಸುಳ್ಳಾ?"

"ಅವತ್ತಿನದು ಸುಳ್ಳಲ್ಲ."

"ಹಾಗಾದ್ರೆ ಇವತ್ತಿನದು." ಅಮ್ಮಣ್ಣಿ ಬುಟ್ಟಿಯ ಕಡೆ ತಿರುಗಿದಳು. "ಮಣಿಪಾಲದವರು ಹೆದರಿಸಿದ್ರಾ? ಅಥವಾ ಆ ಪಾರ್ಟಿಯವರು ಎಂತಾದ್ರೂ ಕೊಟ್ರಾ? ಪಾಪ, ನಿಮಗೂ ಕಷ್ಟ ಇರಬಹುದು."

ಆ 'ಪಾಪ' ನರ್ಮದಾ ಟೀಚರಿಗೆ ಚುಚ್ಚಿತು. ಒಮ್ಮೆ ನಾಲಿಗೆ ತಿರುಗಿಸಿದವರು ಮತ್ತೆ ನೆಟ್ಟಗೆ ಮಾಡಿದರೂ ಅದು ಇನ್ನೊಂದು ತಿರುವಿನಂತೆಯೇ ಕಾಣುತ್ತದೆ. ಅವರು ಒಂಬತ್ತನ್ನೂ ಹೇಳಿದರು. ಹೆಸರು ಹೇಳಲಿಲ್ಲ, ಅದು ಗುಟ್ಟು. ಗೇರುಮರದಿಂದ ಬಿದ್ದವಳಿಂದ ಶುರು ಮಾಡಿದರು. ನಾಯಿಗೆ ಬಂದಾಗ ಧೃತಿ ಫಕ್ಕನೆ ನಕ್ಕಳು.

"ಲಸಿಕೆ ಹಾಕಿದ್ದು ಹುಡುಗಿಗಾ, ನಾಯಿಗಾ?"

"ಬಾಯಿ ಮುಚ್ಚು" ಎಂದಳು ಅಜ್ಜಿ. ಅವಳ ಮುಖದಲ್ಲಿ ನಗು ಇರಲಿಲ್ಲ. "ಇದೆಲ್ಲ ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಬರೆದದ್ದು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

ನರ್ಮದಾ ಟೀಚರ್ ಒಳ್ಳೆಯ ಕಾರಣ ಹುಡುಕಿದರು. ಸಮಯವಾಗಿತ್ತು ಎನ್ನಬಹುದಿತ್ತು, ವಿನೀತ್ ಮೋಸ ಮಾಡಿದ ಎನ್ನಬಹುದಿತ್ತು. ಹುಡುಗಿ ನೋಡುತ್ತಿದ್ದಳು.

"ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾಯಿ ಕಚ್ಚಿದ್ದು ಎಂದು ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ ಅಂತ."

ಅಮ್ಮಣ್ಣಿ ಕವುಚಿದ್ದ ಬುಟ್ಟಿಯೊಂದನ್ನು ಎತ್ತಿ ತೋರಿಸಿದಳು.

"ಮೀನಿನ ಬುಟ್ಟಿಯಲ್ಲಿ ಮೇಲೆ ನಾಲ್ಕು ತಾಜಾ ಬಂಗುಡೆ ಇಟ್ಟು ಅಡಿಯಲ್ಲಿ ನಿನ್ನೆಯದ್ದು ತುಂಬಿಸುವವರು ನಮ್ಮಲ್ಲಿಯೂ ಉಂಟು. ಒಂದು ಸಲ ಸಿಕ್ಕಿಬಿದ್ದರೆ ಆಯ್ತು, ಆಮೇಲೆ ನಿಜವಾಗಿ ತಾಜಾ ತಂದರೂ ಯಾರೂ ಅವಳ ಹತ್ತಿರ ಹೋಗುವುದಿಲ್ಲ. ನಾವು ಕಿವಿರು ಎತ್ತಿ ತೋರಿಸಿಯೇ ಮಾರುವುದು." ಅವಳ ದನಿ ಏರಿತು. "ನನ್ನ ಮಗಳನ್ನು ಸುಟ್ಟು ಬಂದ ಕೈ ಇದು. ನೀವು ಹೇಳಿದ್ರಿ ಅಂತ ನಾನು ಈ ಸರಸಳನ್ನು ಬಾಗಿಲಿನಿಂದ ಹೊರಗೆ ಹಾಕಿದೆ. ಆರು ಸಲ."

ನರ್ಮದಾ ಟೀಚರ್ ತಲೆ ತಗ್ಗಿಸಿದರು. ಕ್ಷಮೆ ಕೇಳಿದರು. ಅಮ್ಮಣ್ಣಿ ಕೈ ಬೀಸಿದಳು.

"ನನ್ನೊಬ್ಬಳ ಹತ್ತಿರ ಅಂಗಳದಲ್ಲಿ ಹೇಳಿ ಎಂತ ಪ್ರಯೋಜನ? ಮುನ್ನೂರು ಜನರ ಎದುರು ಹೇಳಿದ್ದು ನೀವು. ನಮ್ಮ ಹೆಂಗಸರೆಲ್ಲ ಅದನ್ನು ಫೋನಿನಲ್ಲಿ ನೋಡಿದ್ದಾರೆ. ಅಲ್ಲಿ ಬಂದು ಹೇಳಿ. ಅಲ್ಲಿ ನಿಂತು ಹೇಳಿದರೆ ನಾನು ನಂಬುತ್ತೇನೆ, ಶನಿವಾರ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ."

"ಎಲ್ಲಿ?"

"ಮಾರ್ಕೆಟಿನಲ್ಲಿ. ನಾಳೆ ಬೆಳಿಗ್ಗೆ." ಒಳಗೆ ಹೋಗುತ್ತ ತಿರುಗಿ ಹೇಳಿದಳು: "ಮೂಗಿಗೆ ಸೆರಗು ಹಿಡಿದುಕೊಂಡು ಭಾಷಣ ಮಾಡಲಿಕ್ಕೆ ಆಗ್ಲಿಕ್ಕಿಲ್ಲ ಟೀಚರೇ."

ಮೂವತ್ತಮೂರು ವರ್ಷ ಬೆಳಗಿನ ಬಸ್ಸಿಗೆ ಮೀನಿನ ಹೆಂಗಸರು ಹತ್ತಿದಾಗಲೆಲ್ಲ ನರ್ಮದಾ ಟೀಚರ್ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಅದನ್ನು ಯಾರೂ ಗಮನಿಸಿಲ್ಲ ಎಂದುಕೊಂಡಿದ್ದರು.

ಮಾರನೇ ದಿನ ಮೀನು ಮಾರುಕಟ್ಟೆಯ ಒದ್ದೆ ನೆಲದಲ್ಲಿ ಅವರು ಹತ್ತಿಯ ಸೀರೆ ಎತ್ತಿ ಹಿಡಿದು ನಿಂತಾಗ ಎರಡೂ ಕೈಗಳಿಗೆ ಕೆಲಸವಿತ್ತು. ಸೆರಗು ಹೆಗಲ ಮೇಲೆಯೇ ಇತ್ತು. ಮೂವತ್ತು ನಲವತ್ತು ಹೆಂಗಸರು ಬುಟ್ಟಿಗಳ ಹಿಂದೆ ಕೂತಿದ್ದರು. ಅಮ್ಮಣ್ಣಿ ಎರಡು ಸಲ ಚಪ್ಪಾಳೆ ತಟ್ಟಿ ಎಲ್ಲರ ಬಾಯಿ ನಿಲ್ಲಿಸಿದಳು. ಟೀಚರ್ ಅಭ್ಯಾಸಬಲದಿಂದ, "ಇಲ್ಲಿ ನೆರೆದಿರುವ ಗಣ್ಯರೇ" ಎಂದು ಶುರು ಮಾಡಿದರು.

"ಗಣ್ಯರು ಯಾರೂ ಬರಲಿಲ್ಲ ಟೀಚರೇ" ಎಂದಿತು ಒಂದು ದನಿ. "ಬಂಗುಡೆ ಬಂದಿದೆ, ಆದೀತಾ?"

ಮಾರುಕಟ್ಟೆಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವರು ತುಳುವಿನಲ್ಲಿ ಹೇಳಿದರು. ಒಂಬತ್ತನ್ನೂ ಹೇಳಿದರು. ತನಗೆ ಗೊತ್ತಿತ್ತು ಎಂದರು. ಗೊತ್ತಿದ್ದೂ ಮುಚ್ಚಿಟ್ಟೆ, ಯಾರೂ ದುಡ್ಡು ಕೊಟ್ಟಿರಲಿಲ್ಲ, ಹೊಗಳಿಕೆಗಾಗಿ ಮುಚ್ಚಿಟ್ಟೆ ಎಂದರು. ಲಸಿಕೆ ಹಾಕಿಸಿಕೊಂಡ ಮೇಲೆ ಕೈ ನೋಯಬಹುದು, ಜ್ವರ ಬರಬಹುದು, ಕೆಲವರಿಗೆ ತಲೆ ತಿರುಗಬಹುದು, ಅದಕ್ಕೇ ಅರ್ಧ ಗಂಟೆ ಕೂರಿಸುತ್ತಾರೆ, ಬೇರೆ ಏನಾದರೂ ಆದರೆ ಮುಚ್ಚಿಡದೆ ಸರಸಳಿಗೆ ಹೇಳಿ ಎಂದರು.

"ಒಂದು ಶಾಲಿಗೆ ಇಷ್ಟೆಲ್ಲ ಆಯ್ತಲ್ಲ ಮಾರಾಯ್ರೆ" ಎಂದಳು ಒಬ್ಬ ಮುದುಕಿ. "ನಮ್ಮನ್ನು ಕೇಳಿದ್ರೆ ನಾವೇ ಒಂದು ಹೊದಿಸ್ತಿದ್ದೆವು."

ಈ ಸಲ ನಗು ಇನ್ನೂ ಜೋರಾಗಿತ್ತು. ನರ್ಮದಾ ಟೀಚರ್ ಅದನ್ನು ನಿಂತು ಕೇಳಿದರು.

ಇದನ್ನೂ ಹೇಳಿಬಿಡಬೇಕು: ತಪ್ಪೊಪ್ಪಿಗೆಯ ನಡುವೆ ಒಂದು ಕ್ಷಣ ಮಾರುಕಟ್ಟೆ ಪೂರ್ತಿ ಮೌನವಾದಾಗ, ಕತ್ತಿಗಳು ನಿಂತು ನಲವತ್ತು ಮುಖಗಳು ತಮ್ಮ ಕಡೆಗೇ ಎತ್ತಿದ್ದಾಗ, ಅವರಿಗೆ ಒಳಗೊಳಗೇ ಹಿತವಾಯಿತು. ಹಳೆಯ ಹಿತ. ಅದನ್ನು ಅವರು ಗುರುತಿಸಿದರು. ಎರಡು ಬಸ್ಸು ಬದಲಿಸಿ ಮನೆಗೆ ಬರುವ ದಾರಿಯುದ್ದಕ್ಕೂ ಅವರನ್ನು ತಿಂದದ್ದು ಮುದುಕಿಯ ಮಾತಲ್ಲ, ಆ ಹಿತ. ನಾಚಿಕೆಯನ್ನೂ ಭಾಷಣ ಮಾಡಿಕೊಂಡೆನಲ್ಲ ಎಂದು.

ಮಧ್ಯಾಹ್ನ ವಿನೀತ್ ಫೋನು ಮಾಡಿ, "ನಿಮ್ಮಿಂದ ಇದನ್ನು ಎಣಿಸಿರಲಿಲ್ಲ ಟೀಚರ್" ಎಂದ. ಸಂಜೆ ಎದುರು ಕಡೆಯವನೊಬ್ಬ ಫೋನು ಮಾಡಿದ. ಮುಂದಿನ ವಾರ ತಮ್ಮ ಸಭೆಯಲ್ಲಿ ಅವರ ಧೈರ್ಯಕ್ಕಾಗಿ ಒಂದು ಸನ್ಮಾನ ಇಟ್ಟುಕೊಂಡಿದ್ದೇವೆ, ಬರಬೇಕು ಎಂದ. ಅವರು ನೆಟ್ಟಗೆ ಬೇಡ ಎನ್ನಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದರು. ಯಜ್ಞನಾರಾಯಣರು ಪೇಪರಿನಿಂದ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ಶನಿವಾರ ಸಂಜೆ ನಾಲ್ಕು ಗಂಟೆಗೆ ಆರೋಗ್ಯ ಕೇಂದ್ರದಲ್ಲಿ ಧೃತಿಗೆ ಲಸಿಕೆ ಹಾಕಿದರು. ಹುಡುಗಿ ಕಣ್ಣು ಮುಚ್ಚಿದಳು, ಅಜ್ಜಿ ಮುಚ್ಚಲಿಲ್ಲ. ಆಮೇಲೆ ಹೊರಗಿನ ಸಿಮೆಂಟಿನ ಜಗಲಿಯಲ್ಲಿ ಅರ್ಧ ಗಂಟೆ ಕೂತರು. ಅವರ ಹಿಂದೆಯೇ ಮಾರುಕಟ್ಟೆಯ ಇನ್ನಿಬ್ಬರು ಹೆಂಗಸರು ತಮ್ಮ ಹುಡುಗಿಯರನ್ನು ಕರೆದುಕೊಂಡು ಬಂದಿದ್ದರು. ಇಬ್ಬರೇ. ಅದಕ್ಕಿಂತ ಹೆಚ್ಚು ಬರಲಿಲ್ಲ. ನರ್ಮದಾ ಟೀಚರ್ ಜಗಲಿಯ ಇನ್ನೊಂದು ತುದಿಯಲ್ಲಿ ಕೂತಿದ್ದರು. ಯಾರೂ ಅವರಿಗೆ ಧನ್ಯವಾದ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ. ಅಮ್ಮಣ್ಣಿ ಚೀಲದಿಂದ ಕಿತ್ತಳೆ ತೆಗೆದು ಬಿಡಿಸಿ ಎಲ್ಲರಿಗೂ ಎರಡೆರಡು ತೊಳೆ ಕೊಟ್ಟಳು. ಟೀಚರಿಗೂ ಕೊಟ್ಟಳು, ಮುಖ ನೋಡದೆ.

ಅರ್ಧ ಗಂಟೆ ಮುಗಿದಾಗ ಧೃತಿ ತೋಳು ತಿರುಗಿಸಿ ನೋಡಿದಳು.

"ಅಜ್ಜಿ, ಒಂದು ಫೋಟೋ ತೆಗೆಯುವನಾ? ನಾಳೆ ನನ್ನ ಬರ್ತ್‌ಡೇ ಅಲ್ವಾ."

"ಇಲ್ಲಿ ಎಂತದ್ದು ಫೋಟೋ" ಎಂದಳು ಅಮ್ಮಣ್ಣಿ, ಆದರೂ ಸೆರಗು ಸರಿಮಾಡಿಕೊಂಡಳು. ಒಳಗಿನಿಂದ ನರ್ಸಮ್ಮ ಇಣುಕಿ, "ತೆಗೆಯಿರಿ ತೆಗೆಯಿರಿ, ನಮ್ಮ ಗ್ರೂಪಿಗೂ ಹಾಕುವ. ಟೀಚರ್, ನೀವು ನಡುವೆ ನಿಲ್ಲಿ, ಎಲ್ಲರಿಗೂ ನಿಮ್ಮ ಮುಖ ಗೊತ್ತುಂಟು" ಎಂದರು. ಇನ್ನಿಬ್ಬರು ಹುಡುಗಿಯರೂ ಎದ್ದರು. ನಡುವೆ ಜಾಗ ಬಿಟ್ಟರು. ಸರಸ ಫೋನು ಎತ್ತಿಕೊಂಡು ಮೆಟ್ಟಲಿಳಿದಳು.

ನರ್ಮದಾ ಟೀಚರ್ ಎದ್ದು ಮೆಟ್ಟಲಿಳಿದು ಅವಳ ಕೈಯಿಂದ ಫೋನು ತೆಗೆದುಕೊಂಡರು.

"ನೀನು ಹೋಗಿ ನಿಲ್ಲು. ಆರು ಸಲ ಹೋದವಳು ನೀನು."

"ನಾನಾ? ಟೀಚರ್, ನನ್ನ ಸೀರೆ ನೋಡಿ ಹೇಗುಂಟು."

"ನಿಲ್ಲು."

ಸರಸ ಹೋಗಿ ನಡುವಿನ ಜಾಗದಲ್ಲಿ ಸಂಕೋಚದಿಂದ ನಿಂತಳು. ಫೋಟೋ ತೆಗೆಯುವುದು ನರ್ಮದಾ ಟೀಚರಿಗೆ ಅಭ್ಯಾಸವಿಲ್ಲದ ಕೆಲಸ. ಧೃತಿ ಯಾವುದನ್ನು ಒತ್ತಬೇಕೆಂದು ದೂರದಿಂದಲೇ ಕೈಸನ್ನೆ ಮಾಡಿದಳು. ಒತ್ತಿದರು. ಕಣ್ಣ ಹತ್ತಿರ ಹಿಡಿದು ನೋಡಿದರು. ಬೆನ್ನ ಹಿಂದೆ ಸೂರ್ಯನಿದ್ದುದರಿಂದ ಅವರದೇ ನೆರಳು ಜಗಲಿಯ ಮೇಲೆ ಉದ್ದಕ್ಕೆ ಬಿದ್ದು ಸರಸಳ ಕಾಲಿನವರೆಗೂ ಹೋಗಿತ್ತು.

"ಬಂತಾ ಟೀಚರ್?" ಎಂದಳು ಧೃತಿ.

"ಇಲ್ಲ, ಸರಿಯಾಗಲಿಲ್ಲ" ಎಂದರು. ಬದಿಗೆ ನಾಲ್ಕು ಹೆಜ್ಜೆ ಸರಿದರು. ನೆರಳು ಪೂರ್ತಿ ಆಚೆಗೆ ಹೋದದ್ದನ್ನು ನೋಡಿಕೊಂಡು ಇನ್ನೊಮ್ಮೆ ತೆಗೆದರು.